ಫಲಕದ ಮೇಲಿನ ‘ನೆರವು’ ಯಾರ ಹಣ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಕೆಲವು ವರ್ಷಗಳ ಹಿಂದೆ ರಸ್ತೆ ಅಗೆದು ಒಳಚರಂಡಿ ಕೊಳವೆ ಹಾಕಿದರು. ಮ್ಯಾನ್‌ಹೋಲ್ ಮುಚ್ಚಳಗಳು ರಸ್ತೆಗಿಂತ ಗೇಣು ಮೇಲೆ ನಿಂತಿವೆ. ಮನೆಗಳಿಗೆ ಸಂಪರ್ಕ ಮಾತ್ರ ಇನ್ನೂ ಬಂದಿಲ್ಲ. ಓಣಿಯ ತುದಿಯಲ್ಲಿ ಬಳ್ಳಾರಿ ಜಾಲಿಯ ನಡುವೆ ‘ಅಂತರರಾಷ್ಟ್ರೀಯ ಬ್ಯಾಂಕಿನ ಆರ್ಥಿಕ ನೆರವಿನಿಂದ’ ಎಂಬ ಫಲಕ ಉಳಿದಿದೆ. ಪರದೇಶದವರು ಪುಕ್ಕಟೆ ಕೊಟ್ಟದ್ದನ್ನು ಕೇಳಲು ನಾವ್ಯಾರು ಎನ್ನುತ್ತಾರೆ ಹಿರಿಯರು. ಇದು ನಿಜವೇ?
— ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ‘ನೆರವು’ ಎಂಬ ಆ ಪದವೇ ನಿಮ್ಮ ಹಿರಿಯರನ್ನು ದಾರಿ ತಪ್ಪಿಸಿದೆ. ಇಂಥ ಹಣದ ಬಹುಪಾಲು ಸಾಲ. ಅಸಲು, ಬಡ್ಡಿ ಎರಡನ್ನೂ ತೀರಿಸಬೇಕು. ಉತ್ತರ ಕರ್ನಾಟಕದ ನಗರಗಳ ನೀರು, ಒಳಚರಂಡಿ ಕೆಲಸಗಳಿಗೆಂದು ಏಷ್ಯಾ ಅಭಿವೃದ್ಧಿ ಬ್ಯಾಂಕ್ 2006ರಲ್ಲಿ ಒಪ್ಪಿದ 27 ಕೋಟಿ ಡಾಲರ್ ಕೂಡ ಸಾಲವೇ. ನಿಮ್ಮ ಓಣಿಯ ಕಾಮಗಾರಿ ಯಾವ ಯೋಜನೆಯದೇ ಆಗಿರಲಿ, ಲೆಕ್ಕ ಸಾಗುವ ದಾರಿ ಹೆಚ್ಚುಕಡಿಮೆ ಒಂದೇ.

ಬ್ಯಾಂಕಿನೊಂದಿಗೆ ಸಾಲದ ಒಪ್ಪಂದಕ್ಕೆ ಸಹಿ ಹಾಕುವುದು ಕೇಂದ್ರ ಹಣಕಾಸು ಸಚಿವಾಲಯ. ಆದರೆ 2005ರಿಂದೀಚೆಗೆ ಸಾಲ ಯಾವ ಷರತ್ತಿನಲ್ಲಿ ಬಂದಿತೋ ಅದೇ ಷರತ್ತಿನಲ್ಲಿ ನಮ್ಮಂಥ ರಾಜ್ಯಗಳಿಗೆ ದಾಟಿಸಲಾಗುತ್ತಿದ್ದು, ಡಾಲರ್ ದರ ಏರಿದಾಗಿನ ಹೊರೆಯೂ ರಾಜ್ಯದ ಮೇಲೆಯೇ ಬೀಳುತ್ತದೆ. 2006ರಲ್ಲಿ ಸುಮಾರು 45 ರೂಪಾಯಿ ಇದ್ದ ಡಾಲರ್ ಈಗ 80 ದಾಟಿರುವುದರಿಂದ, ಅಂದು ಲೆಕ್ಕಹಾಕಿದ ಕಂತಿಗೆ ಇಂದು ಎಷ್ಟು ಹೆಚ್ಚು ರೂಪಾಯಿ ಎಣಿಸಬೇಕೆಂದು ನೀವೇ ಊಹಿಸಬಹುದು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡವರೂ ತೆರಿಗೆಯ ರೂಪದಲ್ಲಿ ಆ ಕಂತಿಗೆ ಕಾಸು ಸೇರಿಸಿರುತ್ತಾರೆ. ಹಾಗಾಗಿ ಕೇಳಲು ನಾವ್ಯಾರು ಎಂದರೆ, ಸಾಲ ತೀರಿಸುವವರು.

ಹಣ ಮೊದಲೇ ಬಂದು ಖಜಾನೆಯಲ್ಲಿ ಕೂರುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ಸಾಮಾನ್ಯವಾಗಿ ರಾಜ್ಯವೇ ಮೊದಲು ಖರ್ಚು ಮಾಡಿ, ಇಂಜಿನಿಯರು ಅಳತೆ ಪುಸ್ತಕದಲ್ಲಿ ಬರೆದದ್ದರ ಮೇಲೆ ಬಿಲ್ಲು ಪಾವತಿಸಿ, ಬಳಿಕ ದೆಹಲಿಯ ಮೂಲಕ ಬ್ಯಾಂಕಿನಿಂದ ಮರುಪಾವತಿ ಕೇಳುತ್ತದೆ. ಒಪ್ಪಿದ ಸಾಲವನ್ನು ಪಡೆಯದೆ ಉಳಿಸಿದರೆ ಅದಕ್ಕೂ ಶುಲ್ಕ ಕಟ್ಟಬೇಕಾದ್ದರಿಂದ ಎಲ್ಲರಿಗೂ ಅವಸರ. ತೊಡಕಿನ ಬೇರು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ: ಕೊಳವೆಯನ್ನು ಮೀಟರಿನಲ್ಲಿ ಅಳೆದು ಬಿಲ್ಲು ಬರೆಯುವುದು ಸುಲಭ, ಬಚ್ಚಲಿನಿಂದ ಆ ಕೊಳವೆಯವರೆಗಿನ ನಾಲ್ಕಾರು ಮೀಟರು ಮನೆಯವರ ಖರ್ಚೋ ಪುರಸಭೆಯದೋ ಎಂಬುದು ಇತ್ಯರ್ಥವಾಗದೆ ಉಳಿದುಬಿಡುತ್ತದೆ. ಕಾಗದದಲ್ಲಿ ಕಾಮಗಾರಿ ಮುಗಿದಿರುತ್ತದೆ, ಕೊಳಚೆ ಮಾತ್ರ ತೆರೆದ ಚರಂಡಿಯಲ್ಲೇ ಹರಿಯುತ್ತಿರುತ್ತದೆ.

ಫಲಕದಲ್ಲಿರುವ ಯೋಜನೆಯ ಹೆಸರು, ಸಂಖ್ಯೆ ಬರೆದುಕೊಂಡು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ಏಕೆ ಹೀಗಾಯಿತು’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ನಿಮ್ಮ ಬಡಾವಣೆಯ ಅಳತೆ ಪುಸ್ತಕದ ಪುಟಗಳ ಪ್ರತಿಯನ್ನೂ, ಮನೆ ಸಂಪರ್ಕಗಳ ಗುರಿ ಎಷ್ಟಿತ್ತು, ಎಷ್ಟು ಕೊಡಲಾಗಿದೆ ಎಂಬ ದಾಖಲೆಯನ್ನೂ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು.

ಬ್ಯಾಂಕಿನ ಬಾಗಿಲೂ ತೆರೆದಿದೆ. ನರ್ಮದಾ ಅಣೆಕಟ್ಟಿನ ವಿವಾದದ ಬೆನ್ನಲ್ಲೇ ವಿಶ್ವಬ್ಯಾಂಕ್ 1993ರಲ್ಲಿ ಬಾಧಿತರ ದೂರು ಕೇಳಲು ಪರಿಶೀಲನಾ ಮಂಡಳಿ ರಚಿಸಿತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನಲ್ಲೂ ಅಂಥ ವ್ಯವಸ್ಥೆಯಿದೆ. ಬ್ಯಾಂಕು ತನ್ನ ನಿಯಮ ಪಾಲಿಸದೆ ತೊಂದರೆಯಾಗಿದ್ದರೆ ಬಾಧಿತರಾದ ಇಬ್ಬರು ಸೇರಿ ದೂರಬಹುದು. ಆದರೆ ಸಾಲದ ಹಣ ಪಡೆಯುವ ಅವಧಿ (ತೀರಿಸುವ ಅವಧಿಯಲ್ಲ) ಮುಕ್ತಾಯವಾಗಿ ಎರಡು ವರ್ಷ ಕಳೆದರೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ದೂರು ಸ್ವೀಕರಿಸುವುದಿಲ್ಲವಾದ್ದರಿಂದ, ಮುಕ್ತಾಯದ ದಿನಾಂಕವನ್ನು ಮೊದಲು ತಿಳಿದುಕೊಳ್ಳಿ.

ಪ್ರಶ್ನೆ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಹೀಗೆ ಹೊರಗಿನ ಸಾಲವೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಅಲ್ಲ. ಅದು ಸಂವಿಧಾನದ 371(ಜೆ) ವಿಧಿಯಡಿ ರಚನೆಯಾದ ಮಂಡಳಿಗೆ ರಾಜ್ಯ ಸರ್ಕಾರ ತನ್ನ ಬಜೆಟ್ಟಿನಲ್ಲಿ ಒದಗಿಸುವ ಅನುದಾನ.