ಮಗಳಿಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಬಂದ ಮೇಲೆ ಬಳ್ಳಾರಿಯ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕಾ?

ಬೇಡ. ಬಳ್ಳಾರಿಯಲ್ಲಷ್ಟೇ ಅಲ್ಲ, ದೇಶದಲ್ಲಿ ಎಲ್ಲೂ ಅಂಥ ನಿಯಮ ಇಲ್ಲ. ನಿಮ್ಮ ಮಗಳ ಕರಾಟೆ ಸರ್ಟಿಫಿಕೇಟ್ ಹಿಡಿದು ಠಾಣೆಗೆ ಹೋದರೆ, ಬರೆದುಕೊಳ್ಳೋಕೆ ಅಲ್ಲಿ ರಿಜಿಸ್ಟರೇ ಇರುವುದಿಲ್ಲ.

"ಕರಾಟೆ ಕಲಿತವರ ಕೈಯೇ ಆಯುಧ, ಲೈಸೆನ್ಸ್ ಬೇಕು" ಅನ್ನೋದು ಸುಮ್ನೆ ಬಾಯಿಂದ ಬಾಯಿಗೆ ಹರಡಿದ ಮಾತು. ಆಯುಧದ ಲೈಸೆನ್ಸ್ ಬರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ. ಅದು ಬಂದೂಕು, ಕತ್ತಿಯಂಥ ವಸ್ತುಗಳಿಗೆ ಸಂಬಂಧಿಸಿದ್ದು, ಮೈಕೈಗೆ ಅಲ್ಲ.

ಕಾನೂನು ನೋಡುವುದು ಹೊಡೆದವರ ಬೆಲ್ಟ್ ಬಣ್ಣವನ್ನಲ್ಲ, ಅಷ್ಟು ಹೊಡೆಯುವ ಅಗತ್ಯ ಇತ್ತಾ ಅನ್ನೋದನ್ನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಎಲ್ಲರಿಗೂ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ ಎನ್ನುತ್ತದೆ ಅದರ 37ನೇ ಕಲಂ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮಣಿಕಟ್ಟು ಹಿಡಿದರು ಅಂದುಕೊಳ್ಳಿ. ಅವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಬಿಡಿಸಿಕೊಂಡರೆ, ಬಿಡದಿದ್ದಾಗ ಒಂದು ಗುದ್ದು ಕೊಟ್ಟರೆ, ಅದು ರಕ್ಷಣೆ. ಅವನು ಬಿದ್ದು ಸುಮ್ಮನಾದ ಮೇಲೂ ಒದೆಯುತ್ತಿದ್ದರೆ ಕೇಸ್ ಆಗಬಹುದು. ಕರಾಟೆ ಬಾರದವರಿಗೂ ಇದೇ ಲೆಕ್ಕ.

ಇನ್ನು ಬ್ಲ್ಯಾಕ್ ಬೆಲ್ಟ್ ಅಂದರೆ ಎಲ್ಲ ಕಲಿತು ಮುಗೀತು ಅಂತಲೂ ಅಲ್ಲ. ಅದು ಮೊದಲನೇ ಡಾನ್, ಅಂದರೆ ಮೂಲ ಪಾಠ ಗಟ್ಟಿಯಾಯಿತು ಅನ್ನುವ ದರ್ಜೆ. ಅದರ ಮೇಲೆ ಇನ್ನೂ ಹಲವು ಡಾನ್‌ಗಳಿವೆ. ಹಾಗಾಗಿ ಠಾಣೆ ಬಿಡಿ, ಕ್ಲಾಸ್ ಮಾತ್ರ ಬಿಡಿಸಬೇಡಿ.