ಕಾಗದದಾಗ ನನಗ ಮೂರು ಮಂದಿ ಹೆಂಡ್ರು

ಸಾಹೇಬ್ರ, ಮೊನ್ನೆ ಫೋನಿನ್ಯಾಗ ನೀವು ಕೇಳಿದಾಗ ನಕ್ಕು ಇಟ್ಟುಬಿಟ್ಟೆ. ಆಮ್ಯಾಲೆ ರೊಟ್ಟಿ ಮುರಿಯೂಮುಂದನೂ ಅದ ಮಾತು, ಮಲಗೂಮುಂದನೂ ಅದ ಮಾತು. "ಅಲ್ಲಾ ರೀ, ಹದಿನೇಳು ವರ್ಷ ದೇಶ ಕಾದೋರು ನೀವು. ಸರ್ವೀಸ್ ರೆಕಾರ್ಡಲ್ಲಿ ಒಂದು ಹೆಸರು ತಿದ್ದಿಸೋಕೆ ನಾಲ್ಕು ವರ್ಷ ಬೇಕಾ? ಒಂದು ಅಫಿಡವಿಟ್ ಬಿಸಾಕಿದ್ರೆ ಮುಗೀತಪ್ಪ. ನಿಮ್ಮ ಕಡೆಯೋರು ಎಲ್ಲದಕ್ಕೂ ಸ್ವಲ್ಪ ನಿಧಾನ ಬಿಡಿ" ಅಂದ್ರಿ. ಅದರ ಮ್ಯಾಲೆ ಇನ್ನೊಂದು: "ಯಾವಾಗ್ಲೂ ಗಡಿನಾಡು ಗಡಿನಾಡು ಅಂತೀರಲ್ಲ, ಗದಗ ಕರ್ನಾಟಕದ ಹೊಟ್ಟೇಲೇ ಇದೆಯಲ್ಲ?"

ಇವು ಎರಡು ಬ್ಯಾರೆ ಬ್ಯಾರೆ ಪ್ರಶ್ನೆ ಅಂತ ನೀವು ತಿಳ್ಕೊಂಡೀರಿ. ನನ್ನ ಫೈಲಿನ್ಯಾಗ ಎರಡೂ ಒಂದ ಗಂಟು.

ಗಡಿದು ಮೊದ್ಲು ಹೇಳಿಬಿಡ್ತೀನಿ. ನಮ್ಮೂರು ಲಕ್ಷ್ಮೇಶ್ವರದಿಂದ ಎರಡು ಹರದಾರಿ. ನಮ್ಮಜ್ಜನ ಕಾಲಕ್ಕ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಸವಣೂರು ನವಾಬಂದು, ಗದಗ ಬ್ರಿಟಿಷರದು, ಇನ್ನೂ ಮೂಡಲಕ್ಕ ಹೋದ್ರ ಕೊಪ್ಪಳ ನಿಜಾಮನ ರಾಜ್ಯ. ತಪ್ಪಿಸ್ಕೊಂಡ ಎತ್ತು ಹುಡುಕ್ಕೊಂತ ಹೊಂಟ ರೈತ ತಿರುಗಿ ಮನಿ ಮುಟ್ಟೂದ್ರಾಗ ಮೂರು ಮಂದಿ ರಾಜರ ಸೀಮಿ ತುಳಿದು ಬರ್ತಿದ್ದ. 1948ರಾಗ ಸಂಸ್ಥಾನ ಹೋಗಿ ಮುಂಬೈ ಪ್ರಾಂತಕ್ಕ ಕೂಡಿದ್ವಿ. ನಾ ಹುಟ್ಟಿದ್ದು 1953, ಅಂದ್ರ ಮುಂಬೈ ರಾಜ್ಯದಾಗ. ಮೂರು ವರ್ಷದ ಕೂಸಿದ್ದಾಗ, 1956ರ ನವೆಂಬರ್ 1ಕ್ಕ, ಮೈಸೂರು ರಾಜ್ಯದಾಂವ ಆದೆ. 1972ರಾಗ ಆ ದೊಡ್ಡ ಬರ ಬಿತ್ತಲ್ಲ, ಹಗೇವಿನ ತಳ ಕಾಣಾಕ ಹತ್ತಿದಾಗ ನಾನೂ ಹೋಗಿ ಮಿಲ್ಟ್ರಿಗೆ ಭರ್ತಿ ಆದೆ. ಕಾಗದದಾಗ ಬರಕೊಂಡ್ರು: ಜಿಲ್ಲಾ ಧಾರವಾಡ, ರಾಜ್ಯ ಮೈಸೂರು. ಮುಂದಿನ ವರ್ಷ ನವೆಂಬರಿಗೆ ರಾಜ್ಯದ ಹೆಸರು ಕರ್ನಾಟಕ ಆತು. 1997ಕ್ಕ ಗದಗ ಬ್ಯಾರೆ ಜಿಲ್ಲಾ ಆತು. ಶಿರಹಟ್ಟಿ ತಾಲೂಕಿನಾಂವ ಇದ್ದೆ, ಈಗ ಲಕ್ಷ್ಮೇಶ್ವರನ ತಾಲೂಕು. 2021ರಾಗ ಮುಂಬೈ ಕರ್ನಾಟಕ ಅನ್ನೂದನ್ನ ಕಿತ್ತೂರು ಕರ್ನಾಟಕ ಮಾಡಿದ್ರು. ಇಷ್ಟೆಲ್ಲಾ ಆಗೂಮಟ ನಮ್ಮ ಮನಿ ಇದ್ದಲ್ಲೇ ಐತಿ. ನಡುವ ಒಂದು ಸಲ ಮ್ಯಾಳಿಗಿಗೆ ಹೊಸ ಮಣ್ಣು ಹಾಕಿಸೀವಿ, ಅಷ್ಟ.

ಈಗ ನನ್ನ ಮೊದಲ್ನೇ ಅರ್ಜಿ ತಿರುಗಿ ಬಂದಾಗ ಅದರ ಮ್ಯಾಲೆ ಏನ್ ಬರದಿದ್ರು ಗೊತ್ತೇನ್ರಿ? ದಾಖಲೆಯಾಗಿನ ಜಿಲ್ಲಾ ಮತ್ತ ರಾಜ್ಯ ಅರ್ಜಿಯಾಗಿನ ವಿಳಾಸಕ್ಕ ಕೂಡೂದಿಲ್ಲ, ವಾಸಸ್ಥಳ ಬದಲಾಯಿಸಿದ್ದಕ್ಕ ಪುರಾವೆ ಕೊಡ್ರಿ ಅಂತ. ನಾ ಎಲ್ಲಿ ಬದಲಾಯಿಸೀನ್ರಿ? ಕುಂತಲ್ಲೇ ಕುಂತಾಂವ ನಾನು, ಸರಿದದ್ದು ಸರ್ಕಾರ. ಈಗ ಹೇಳ್ರಿ, ಗಡಿನಾಡು ಹೌದೋ ಅಲ್ಲೋ.

ನೀವು ಹಿಂದೊಮ್ಮೆ ಚ್ಯಾಷ್ಟಿ ಮಾಡಿದ್ರಿ, ಕನ್ನಡದ ಹುಡುಗರು ಮರಾಠಾ ರೆಜಿಮೆಂಟಿಗೆ ಯಾಕ ಹೋಗ್ತಾರ ಅಂತ. ಮರಾಠಾ ಲೈಟ್ ಇನ್ಫಂಟ್ರಿ ಸೆಂಟರ್ 1922ರಿಂದ ಬೆಳಗಾವಿಯೊಳಗ ಐತ್ರಿ. ಹತ್ರ ಭರ್ತಿ ಇದ್ದಲ್ಲಿ ಹುಡುಗ್ರು ಹೋಗ್ತಾರ. ಶಿವಾಜಿ ಮಹಾರಾಜ್ ಕೀ ಜೈ ಅಂತ ಗಂಟಲು ಹರಕೊಂಡು ಕೂಗಿದ ನಾಲಿಗಿನ, ಎಡವಿ ಬಿದ್ರ "ಯವ್ವಾ" ಅಂತೈತಿ. ನಾ ಆ ರೆಜಿಮೆಂಟಿನಾಂವ ಅಲ್ಲ. ಯಾವುದು ಅಂತ ಇಲ್ಲಿ ಹೇಳೂದೂ ಇಲ್ಲ, ಉಂಡ ಮನೀ ಜಂತಿ ಎಣಿಸಬಾರದು. ನಮ್ಮ ಪಲ್ಟನ್ನಿನ್ಯಾಗ ಉತ್ತರದವರಿಗೆ ನಾನು ಮದ್ರಾಸಿ. ಮದ್ರಾಸಿನವರಿಗೆ ಮರಾಠಿ. ನಿಮ್ಮ ಬೆಂಗಳೂರಿಗೆ ಬಂದ್ರ ಆಟೋದಾಂವ "ನೀವು ಯಾವ ಭಾಷೆ ಸಾರ್" ಅಂತಾನ. ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ. ಕನ್ನಡದ ತಿರುಳು ಇರೂದು ಈ ಸೀಮಿಯೊಳಗ ಅಂತ ಸಾವಿರ ವರ್ಷದ ಹಿಂದ ಬರದಿಟ್ಟಾರ. ಅದನ್ನ ಆಟೋದಾಂವಗ ಹೇಳಾಕ ಹೋದ್ರ ಮೀಟರ್ ಓಡ್ತೈತಿ.

ಇನ್ನ ಹೆಸರಿನ ಗಂಟಿಗೆ ಬರೋಣ. ನಿಮ್ಮ ಕಡೆ ಇನಿಷಿಯಲ್ ಮುಂದ, ಹೆಸರು ಹಿಂದ. ನಮ್ಮಲ್ಲೆ ಮೊದ್ಲು ಹೆಸರು, ನಡುವ ಅಪ್ಪನ ಹೆಸರು, ಕಡೀಕ ಅಡ್ಡಹೆಸರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಂಗಡಿ, ಸಂತಿ ಚೀಲ ಸುರುವಿದಂಗ. ನಮ್ಮದು ಹೊಸಮನಿ. ಅದನ್ನ ಹಸ್ಮಾನಿ ಅಂತ ಬರದಿದ್ರು, ನೌಕರಿಯಾಗಿದ್ದಾಗನ ಸರಿ ಆತು. ಹುಟ್ಟಿದ ತಾರೀಖು ಜೂನ್ 1. ಸಾಲಿ ಮಾಸ್ತರು ಊರಿನ ಅರ್ಧ ಹುಡುಗರನ್ನ ಅದ ದಿನ ಹುಟ್ಟಿಸ್ಯಾರ, ಅದಕ್ಕ ನನ್ನ ತಕರಾರಿಲ್ಲ. ನಾಲ್ಕು ವರ್ಷದಿಂದ ಕುತ್ತಿಗಿಗೆ ಬಿದ್ದದ್ದು ನನ್ನ ಹೆಸರಲ್ಲ, ಹೆಂಡ್ತೀದು.

ಆಕಿ ಹೆಸರು ಕಾಶವ್ವ. ಲಗ್ನ ಆಗಿದ್ದು 1977ರ ಬ್ಯಾಸಗಿಯೊಳಗ. ರಜಾ ಮುಗಿಸಿ, ಟ್ರಂಕ್ ಹೊತ್ಕೊಂಡು ಯಲವಿಗಿ ಸ್ಟೇಷನ್ನಿನ್ಯಾಗ ಗಾಡಿ ಹತ್ತಿದೆ. ಯುನಿಟ್ಟಿಗೆ ಮುಟ್ಟಿದ ಮ್ಯಾಲೆ ಲಗ್ನ ಆಗೇತಿ ಅಂತ ಬರಸಬೇಕು. ಅದಕ್ಕ ಪಾರ್ಟ್ ಟೂ ಆರ್ಡರ್ ಅಂತಾರ. ಸಿಪಾಯಿಗೆ ಲಗ್ನ ಆಗ್ಲಿ, ಕೂಸು ಹುಟ್ಟಲಿ, ಪಾರ್ಟ್ ಟೂ ಆರ್ಡರಿನ್ಯಾಗ ಬಂದ್ರನ ಆದಂಗ. ಇಲ್ಲಾಂದ್ರ ಊರಿಗೆಲ್ಲಾ ಹುಗ್ಗಿ ಉಣಿಸಿದ್ರೂ ನೀನು ಕುಂವಾರನ. ನಮ್ಮ ಕ್ಲಾರ್ಕ್ ಉತ್ತರದ ಕಡ್ಯಾಂವ, ಭಾಳ ಒಳ್ಳ್ಯಾಂವ, ನನ್ನ ಪತ್ರ ಎಲ್ಲಾ ಅವನ ಬರಕೊಡ್ತಿದ್ದ. ಹೆಸರು ಕೇಳಿದ. ಕಾಶವ್ವ ಅಂದೆ. "ಕಾಶವ್ವ ಕ್ಯಾ ಹೋತಾ ಹೈ? ಕಾಶೀಬಾಯಿ ಹೋಗಾ" ಅಂದು ಟಕಟಕ ಟೈಪ್ ಹೊಡದ. ನಾ ಏಳನೇತ್ತ ಕನ್ನಡ ಸಾಲಿ ಕಲ್ತಾಂವ, ಬೆರಳಿಟ್ಟು ತೋರಿಸಿದಲ್ಲೆ ಸಹಿ ಮಾಡಿದೆ. ಹಂಗಾಗಿ ಪೂರಾ ಅವನ ತಪ್ಪು ಅನ್ನಾಕ ನನಗ ಬಾಯಿಲ್ಲ.

1989ಕ್ಕ ಪೆನ್ಶನ್ ತಗೊಂಡು ಊರಿಗೆ ಬಂದೆ. ತಿಂಗಳಾ ಬ್ಯಾಂಕಿನ್ಯಾಗ ರೊಕ್ಕ ಬೀಳ್ತಿತ್ತು, ನವೆಂಬರಿಗೊಮ್ಮೆ ಹೋಗಿ ಇನ್ನೂ ಜೀವಂತ ಅದೀನಿ ಅಂತ ಸಹಿ ಹಾಕಿ ಬರ್ತಿದ್ದೆ. ಹೆಂಡ್ತಿ ಹೆಸರೇನಂತ ಒಬ್ರೂ ಕೇಳಿರಲಿಲ್ಲ. ಈಗ ನಾಲ್ಕು ವರ್ಷದ ಹಿಂದ ನಮ್ಮ ಪೆನ್ಶನ್ ಸ್ಪರ್ಶ್ ಅನ್ನೂ ಕಂಪ್ಯೂಟರ್ ವ್ಯವಸ್ಥಾಕ್ಕ ಹೋತು. ನಿಮ್ಮ ವಿವರ ಎಲ್ಲಾ ಸರಿ ಅದಾವೇನು ನೋಡ್ಕೋರಿ ಅಂದ್ರು. ಲಕ್ಷ್ಮೇಶ್ವರದಾಗ ಒಂದು ಆನ್‌ಲೈನ್ ಅಂಗಡಿಗೆ ಇಬ್ಬರೂ ಹೋದ್ವಿ. ಹುಡುಗ ಏನೋ ಒತ್ತಿ, ಮಾನಿಟರ್ ನಮ್ಮ ಕಡೆ ತಿರುವಿ, "ಕಾಕಾ, ಈ ಕಾಶೀಬಾಯಿ ಯಾರ್ರೀ?" ಅಂದ.

ಬಾಜೂಕ ಕುಂತಾಕಿ ಸೆರಗು ಸರಿ ಮಾಡ್ಕೊಂಡು ನನ್ನ ಮಾರಿ ನೋಡಿದ್ಲು. "ಹೌದು, ಯಾರಾಕಿ?"

ಅಂಗಡಿಯಾಗ ಇದ್ದ ಮಂದಿ ಎಲ್ಲಾ ನಕ್ಕಿತು. ನಮ್ಮಾಕಿ ಮಾತ್ರ ನಗಲಿಲ್ಲ. ಬಸ್ಸಿನ್ಯಾಗ ಊರು ಬರೂಮಟ ಕಿಡಕಿ ಹೊರಗ ನೋಡ್ಕೊಂತ ಬಂದ್ಲು.

ಅವತ್ತು ಎಲ್ಲಾ ಕಾಗದ ಟ್ರಂಕಿನಿಂದ ತಗದು ಪಡಸಾಲಿಯೊಳಗ ಹರವಿ ಕುಂತ್ವಿ. ವೋಟರ್ ಕಾರ್ಡಿನ್ಯಾಗ ಕಾಶವ್ವ. ಆಧಾರಿನ್ಯಾಗ, ರೇಷನ್ ಕಾರ್ಡಿನ್ಯಾಗ ಕಾಶಮ್ಮ. ಅವ್ವ ಅಂದ್ರ ಹಳ್ಳಿ ಮಾತು, ಅಮ್ಮ ಅಂದ್ರ ಶುದ್ಧ ಕನ್ನಡ ಅಂತ ಯಾರೋ ಪುಣ್ಯಾತ್ಮ ತಿದ್ದಿ ಬರದಿದ್ದ. ಮಿಲ್ಟ್ರಿಯೊಳಗ ಕಾಶೀಬಾಯಿ. ಅಂದ್ರ ಕಾಶವ್ವ ವೋಟ್ ಹಾಕ್ತಾಳ, ಕಾಶಮ್ಮ ಗೃಹಲಕ್ಷ್ಮಿಯ 2000 ರೂಪಾಯಿ ತಗೋತಾಳ, ನಾ ಸತ್ತ ಮ್ಯಾಲೆ ಕುಂಕುಮ ಅಳಸ್ಕೊಳ್ಳಾಕಿ ಕಾಶೀಬಾಯಿ. ಫೌಜಿನ್ಯಾಗ ಒಬ್ಬಾಕಿ ಇರಬೇಕಾದ್ರ ಇನ್ನೊಬ್ಬಾಕೀನ ಮಾಡ್ಕೊಂಡ್ರ ನೌಕರಿಗೇ ಸಂಚಕಾರ, ನಾ ಮೂರು ಮಂದೀನ ಇಟ್ಕೊಂಡು ಪೆನ್ಶನ್ ಉಣ್ಣಾಕತ್ತೀನಿ.

ನಗಬ್ಯಾಡ್ರಿ. ನಾ ಹೋದ ಮ್ಯಾಲೆ ಆಕಿಗೆ ಕುಟುಂಬ ಪೆನ್ಶನ್ ಬರಬೇಕು, ಪಗಾರದ ಶೇ. 30 ಅಂತ ಲೆಕ್ಕ. ಅದು ಕಾಶೀಬಾಯಿ ಹೆಸರಿಲೆ ಐತಿ. ಮಗ್ಗಲೂರಿನ ನಮ್ಮ ಫೌಜಿ ದೋಸ್ತ ತೀರಿಕೊಂಡಾಗ ಆತನ ಹೆಂಡ್ತಿ ಪಾಪ, ಆ ಹೆಣಮಗಳು ನಾನ ಅಂತ ತೋರಿಸಾಕ ಹದಿನಾಲ್ಕು ತಿಂಗಳು ಅಡ್ಡಾಡಿದ್ಲು. ಗಂಡನ ತಿಥಿ ಆತು, ವರ್ಷಾಂತ ಆತು, ರೊಕ್ಕ ಬರಲಿಲ್ಲ. ಅದನ್ನ ಕಣ್ಣಾರೆ ನೋಡೀನಿ. ಹಂಗಾಗಿ ಇದು ನಾ ಇರೂದ್ರಾಗ ಮುಗೀಬೇಕು.

"ಆಧಾರ್‌ನ ಕಾಶೀಬಾಯಿ ಅಂತ ಮಾಡಿಸ್ರಿ, ಸಲೀಸು" ಅಂತ ಹೇಳಿದವರೂ ಇದ್ರು. ನನಗೂ ಹೌದನಿಸ್ತು, ಸುಳ್ಳ್ಯಾಕ ಹೇಳ್ಲಿ. ಮನಿಗೆ ಬಂದು ಹೇಳಿದೆ. ರೊಟ್ಟಿ ಬಡಿಯೂದು ನಿಲ್ಲಿಸಿದ್ಲು. "ಲಗ್ನಾಗಿ ಇಷ್ಟು ವರ್ಷಾತು, ಒಂದು ಸಲನೂ ನೀವು ನನ್ನ ಹೆಸರು ಹಿಡದು ಕರದಿಲ್ಲ. ಏ ಇವಳ, ಅನ್ಕೊಂತ ಜೀವಮಾನ ಕಳದ್ರಿ. ಇರೂದೊಂದು ಹೆಸರು, ನಮ್ಮವ್ವ ಇಟ್ಟದ್ದು. ಅದನ್ನೂ ಕೊಡಬೇಕೇನು?" ಅಂದ್ಲು. ಮತ್ತ ಬಡಿಯಾಕ ಶುರು ಮಾಡಿದ್ಲು, ಓಣಿ ಮಂದಿಗೆಲ್ಲಾ ಕೇಳೂಹಂಗ.

ಮುಗೀತಲ್ರಿ. ವೋಟರ್ ಕಾರ್ಡ್ ತೋರಿಸಿ ಆಧಾರ್‌ನ ಕಾಶವ್ವ ಮಾಡಿಸಿದ್ವಿ. ಆಧಾರಿನ್ಯಾಗ ಹೆಸರು ತಿದ್ದಾಕ ಜೀವಮಾನಕ್ಕ ಎರಡ ಸಲ ಅವಕಾಶ, ಒಂದು ಹೋತು. ಇನ್ನ ಮಿಲ್ಟ್ರಿ ದಾಖಲೆ. ಅದಕ್ಕ ಅಫಿಡವಿಟ್, ಎರಡು ಪೇಪರಿನ್ಯಾಗ ಜಾಹೀರಾತು, ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಪಿಪಿಓ ಅನ್ನೂ ಪೆನ್ಶನ್ ಆದೇಶದ ಕಾಗದ, ಜೋಡಿ ಫೋಟೋ. ಇವೆಲ್ಲಾ ರೆಕಾರ್ಡ್ ಆಫೀಸಿಗೆ ಹೋಗಬೇಕು, ಅವರು ತಿದ್ದಿ ಪ್ರಯಾಗರಾಜದ ಪೆನ್ಶನ್ ಕಚೇರಿಗೆ ಕಳಸಬೇಕು, ಅಲ್ಲಿಂದ ತಿದ್ದುಪಡಿ ಪಿಪಿಓ ಬರಬೇಕು. ಇದರಾಗ ನಮ್ಮಾಕಿ ಹುಟ್ಟಿದ ದಾಖಲೆ ಕೇಳಿದ್ರು. ಆಕಿ ಸಾಲಿ ಮೆಟ್ಟಲ ಹತ್ತಿದಾಕಿ ಅಲ್ಲ. ಹುಟ್ಟಿದ್ದು ತವರೂರಾಗ, ಸೂಲಗಿತ್ತಿ ಕೈಯಾಗ. ಆ ಸೂಲಗಿತ್ತಿ ಯಾವ ರಜಿಸ್ಟರ್ ಇಟ್ಟಿದ್ಲ್ರೀ? ಕಡೀಕ ಮಗನ ಸಾಲಿ ದಾಖಲೆಯೊಳಗ ತಾಯಿ ಹೆಸರು ಕಾಶವ್ವ ಅಂತ ಇದ್ದದ್ದು ಪುಣ್ಯಾ. ಮಗ ಹುಟ್ಟಿ ಅವ್ವನ ಹೆಸರು ಉಳಿಸಿದ.

ನಿಮ್ಮ ಆ "ಅಫಿಡವಿಟ್ ಬಿಸಾಕೂದು" ಹೆಂಗಾತು ಅಂತ ಹೇಳ್ತೀನಿ ಕೇಳ್ರಿ. ಗದಗಿನ ಕೋರ್ಟಿನ ಹೊರಗ ಬೇವಿನ ಗಿಡದ ಬುಡಕ ಒಬ್ಬ ಟೈಪಿಸ್ಟ್. ಬಾಯಾಗ ಎಲಿ ಅಡಿಕಿ, ಕಣ್ಣು ಮಷಿನ್ ಮ್ಯಾಲೆ, ಕಿವಿ ರಸ್ತೆ ಮ್ಯಾಲೆ. ಕಾಶವ್ವ, ಕಾಶಮ್ಮ, ಕಾಶೀಬಾಯಿ ಮೂವರೂ ಒಬ್ಬಾಕಿನ ಅಂತ ಇಂಗ್ಲಿಷಿನ್ಯಾಗ ಚಂದಾಗಿ ಹೊಡದ. ನೋಟರಿ ಸಿಕ್ಕಾ ಬಿತ್ತು. ಪೇಪರಿಗೆ ಜಾಹೀರಾತು ಕೊಟ್ಟು, ಎಲ್ಲಾ ಜೋಡಿಸಿ ಮತ್ತ ಕಳಿಸಿದೆ. ಐದು ತಿಂಗಳಿಗೆ ತಿರುಗಿ ಬಂತು. ಏನಪಾ ಅಂದ್ರ, ಟೈಪಿಸ್ಟ್ ನಮ್ಮ ಧಾರವಾಡ ಕಡೆ ರೂಢಿ ಪ್ರಕಾರ "ವ್ವ"ಕ್ಕ ಎರಡು ಡಬ್ಲ್ಯೂ ಹಾಕಿದ್ದ. ಯಲ್ಲವ್ವ, ಗಂಗವ್ವ ಎಲ್ಲಾರಿಗೂ ನಮ್ಮಲ್ಲೆ ಡಬ್ಲ್ಯೂನ. ಆಧಾರಿನ್ಯಾಗ ಎರಡು ವಿ. ಪೇಪರಿನಾಂವ ಒಂದ ವಿ ಹಾಕಿ ಮುಗಿಸಿದ್ದ, ಅಕ್ಷರಕ್ಕಿಷ್ಟು ಅಂತ ರೊಕ್ಕ ತಗೊಂಡಿದ್ನೋ ಏನೋ. ಕನ್ನಡದಾಗ ಅದು ಒಂದ ಒತ್ತಕ್ಷರ. ಬಾಯಿ ತುಂಬ "ವ್ವಾ" ಅಂದ್ರ ಮುಗೀತು. ಇಂಗ್ಲಿಷಿಗೆ ಹೊಳ್ಳಿಸಿದ್ದ ತಡ, ಕಾಶವ್ವನ ಮೂರು ಮಂದಿ ಆದ್ಲು. ಹಳೇ ಇಬ್ಬರನ್ನ ಕೂಡಿಸಿದ್ರ ಈಗ ಐದು.

ಮತ್ತ ಟೈಪಿಸ್ಟ್ ಹಂತ್ಯಾಕ ಹೋದೆ. "ಕಾಕಾ, ನಮ್ಮಪ್ಪನ ಕಾಲದಿಂದ ಡಬ್ಲ್ಯೂನ ಹೊಡದೀವಿ, ಇಲ್ಲೀತನಕ ಯಾರೂ ತಕರಾರು ತಗದಿಲ್ಲ" ಅಂತ ನನಗ ಸಿಟ್ಟು ಮಾಡಿದ. ಅವಂದೂ ಖರೇನ. ಆ ಡಬ್ಲ್ಯೂ ನಮ್ಮ ಸೀಮೀದು. ಅದನ್ನ ಕೆಳಗ ಹಾಕಿದ್ರ ನನಗೂ ಒಂದೀಟು ಕಸಿವಿಸಿ ಆತು ಅನ್ರಿ. ಆದ್ರೂ ಹೊಸಾ ಬಾಂಡ್ ಪೇಪರ್ ತಗೊಂಡು, ಮಗ್ಗಲಕ್ಕ ನಿಂತು, ಒಂದೊಂದ ಅಕ್ಷರ ಬೆರಳಿಟ್ಟು ಹೊಡಸಿದೆ. 1977ರಾಗ ಕ್ಲಾರ್ಕಿನ ಮಗ್ಗಲಕ್ಕ ಹಿಂಗ ನಿಂತಿದ್ರ!

ನಿಧಾನ ಅಂದ್ರಿ. ನಮ್ಮೂರಿಂದ ಲಕ್ಷ್ಮೇಶ್ವರಕ್ಕ ಒಂದು ಬಸ್ಸು, ಅಲ್ಲಿಂದ ಗದಗಿಗೆ ಇನ್ನೊಂದು. ಮುಂಜಾನೆ ಬುತ್ತಿ ಕಟ್ಕೊಂಡು ಹೊಂಟ್ರ ಅಲ್ಲಿ ಕಚೇರಿ ಸಾಹೇಬ್ರು ಮೀಟಿಂಗಿನ್ಯಾಗ ಇರ್ತಾರ. ಲಕ್ಷ್ಮೇಶ್ವರದ ಮ್ಯಾಲೆ ಹಾದು ಗದಗ-ಯಲವಿಗಿ ರೈಲು ಬರ್ತೈತಿ ಅಂತ ನಾ ಚಡ್ಡಿ ಹಾಕ್ಕೊಳ್ಳೂ ಕಾಲದಿಂದ ಕೇಳಾಕತ್ತೀನಿ, ಅದಕ್ಕ ಯಾರೂ ನಿಧಾನ ಅನ್ನಂಗಿಲ್ಲ. ಇರ್ಲಿ ಬಿಡ್ರಿ, ಅದು ಬ್ಯಾರೆ ಹಾಡು.

ಹ್ಞಾಂ, ಹೋದ ವಾರ ಒಂದು ಫೋನ್ ಬಂದಿತ್ತು. ನಾ ಹೊಲಕ್ಕ ಹೋಗಿದ್ದೆ, ಮನಿಯಾಗ ಆಕಿ ಎತ್ತ್ಯಾಳ. ಆ ಕಡಿಂದ ಯಾರೋ ಹಿಂದಿ ಬೆರಸಿದ ಕನ್ನಡದಾಗ "ಕಾಶೀಬಾಯಿ ಇದ್ದಾರಾ?" ಅಂತ ಕೇಳ್ಯಾನ. "ಆ ಹೆಸರಿನಾಕಿ ಈ ಮನಿಯಾಗ ಯಾರೂ ಇಲ್ಲ" ಅಂತ ಹೇಳಿ ಇಟ್ಟುಬಿಟ್ಟಾಳ. ಸಂಜೀಕ ನಾ ಬಂದಾಗ ಭಾಳ ಹೆಮ್ಮೀಲೆ ಹೇಳಿದ್ಲು. ಆ ನಂಬರಿಗೆ ಹೊಳ್ಳಿ ಹಚ್ಚಿದ್ರ ಎತ್ತವಲ್ರು.

ಸೋಮವಾರ ಮತ್ತ ಗದಗಿಗೆ ಹೊಂಟೀನಿ. ನೀವು ಫೋನ್ ಮಾಡೂದಿದ್ರ ರಾತ್ರಿ ಊಟ ಆದ ಮ್ಯಾಲೆ ಮಾಡ್ರಿ, ಬಸ್ಸಿನ್ಯಾಗ ಏನೂ ಕೇಳಸಂಗಿಲ್ಲ. ಆಕಿ ಎತ್ತಿದ್ರ ಹೆಸರು ಸರಿಯಾಗಿ ಹೇಳಿ ಮಾತಾಡಸ್ರಿ.