ಮಡಚುವುದು ಕೀಲು, ಸಂಕುಚಿಸುವುದು ಸ್ನಾಯು: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಮಾಡಬಹುದಾದ ವ್ಯಾಯಾಮಗಳನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ವಿಷಯ ಉಪಯುಕ್ತವಾಗಿದೆ, ವಾಕ್ಯಗಳು ಸರಳವಾಗಿವೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕೀಲನ್ನು ಮಡಚುವ, ಫಿಸಿಯೋಥೆರಪಿಯವರು ‘ಫ್ಲೆಕ್ಷನ್’ ಎನ್ನುವ ಚಲನೆಗೆ ನೀವು ‘ಆಕುಂಚನ’ ಎಂಬ ಪದವನ್ನು ಆರಿಸಿಕೊಂಡಿದ್ದೀರಿ. ಆದರೆ ಒಂದೊಂದು ಪುಟದಲ್ಲಿ ಅದಕ್ಕೆ ಒಂದೊಂದು ಅರ್ಥ ಬಂದಿದೆ. ಲೇಖನವನ್ನು ಎದುರಿಗಿಟ್ಟುಕೊಂಡು ಹೊಲಿಗೆ ಇನ್ನೂ ಮಾಗದ ಕಾಲನ್ನು ಮಡಚಲು ಹೊರಡುವ ಓದುಗರಿಗೆ ಇದರಿಂದ ನಿಜವಾದ ಅಪಾಯವಿದೆ.

ಎರಡು ಮೂಳೆಗಳ ನಡುವಿನ ಕೋನ ಕಿರಿದಾಗುವುದೇ ಆಕುಂಚನ ಎಂದು ಆರಂಭದಲ್ಲಿ ಬರೆದಿದ್ದೀರಿ. ಮೊಣಕೈ, ಮೊಣಕಾಲು, ಬೆರಳುಗಳ ಮಟ್ಟಿಗೆ ಈ ವಿವರಣೆ ಸಾಕು. ಆದರೆ ನೀವೇ ಮುಂದೆ ಭುಜದ ಆಕುಂಚನ 180 ಡಿಗ್ರಿಯವರೆಗೆ ಹೋಗುತ್ತದೆ ಎನ್ನುತ್ತೀರಿ. ತೋಳನ್ನು ಮುಂದಕ್ಕೆ ತಂದು ತಲೆಯ ಮೇಲಕ್ಕೆ ಎತ್ತುವಾಗ ತೋಳಿಗೂ ಮುಂಡಕ್ಕೂ ನಡುವಿನ ಕೋನ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಅಂಗರಚನಾಶಾಸ್ತ್ರ ಈ ತೊಡಕನ್ನು ಒಂದು ನಿಲುವನ್ನು ಗೊತ್ತುಪಡಿಸಿ ಬಿಡಿಸುತ್ತದೆ: ನೆಟ್ಟಗೆ ನಿಂತು, ತೋಳುಗಳನ್ನು ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿದ ನಿಲುವು. ಅಲ್ಲಿಂದ ಕುತ್ತಿಗೆ, ಬೆನ್ನು, ಭುಜ, ಮೊಣಕೈ, ಮಣಿಕಟ್ಟು ಮತ್ತು ತೊಡೆಯ ಬುಡದ ಕೀಲುಗಳಲ್ಲಿ ಮುಂದಕ್ಕೆ ಆಗುವ ಚಲನೆ ಆಕುಂಚನ. ಮೊಣಕಾಲಿನಲ್ಲಿ ಹಿಂದಕ್ಕೆ ಆಗುವುದು ಆಕುಂಚನ. ಭ್ರೂಣ ಬೆಳೆಯುವಾಗ ಕೈಗಳು ಹೊರಮುಖವಾಗಿಯೂ ಕಾಲುಗಳು ಒಳಮುಖವಾಗಿಯೂ ತಿರುಗುವುದರಿಂದ ಮೊಣಕೈಯ ತುದಿ ಹಿಂದಕ್ಕೆ, ಮಂಡಿಯ ಚಿಪ್ಪು ಮುಂದಕ್ಕೆ ಬಂದಿವೆ. ಅದಕ್ಕಾಗಿಯೇ ಈ ದಿಕ್ಕಿನ ವ್ಯತ್ಯಾಸ.

ಪಾದದ ವಿಷಯದಲ್ಲಿ ‘ಆಕುಂಚನ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಪಾದವನ್ನು ಮೇಲಕ್ಕೆ ಎಳೆದುಕೊಳ್ಳುವುದು ಡಾರ್ಸಿಫ್ಲೆಕ್ಷನ್, ಕೆಳಕ್ಕೆ ಚಾಚುವುದು ಪ್ಲಾಂಟರ್ ಫ್ಲೆಕ್ಷನ್; ಎರಡು ವಿರುದ್ಧ ಚಲನೆಗಳ ಹೆಸರಿನಲ್ಲೂ ಫ್ಲೆಕ್ಷನ್ ಇದೆ. ಇಲ್ಲಿ ಪಾರಿಭಾಷಿಕ ಪದವನ್ನೇ ಬಿಟ್ಟು ‘ಪಾದವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ’ ಎಂದು ಬರೆಯಿರಿ.

ಇದಕ್ಕಿಂತ ದೊಡ್ಡ ತೊಡಕು ಮೂರನೆಯ ಪುಟದಲ್ಲಿದೆ. ‘ತೊಡೆಯ ಮುಂಭಾಗದ ಸ್ನಾಯುವನ್ನು ಆಕುಂಚನಗೊಳಿಸಿ ಐದು ಸೆಕೆಂಡು ಹಿಡಿದುಕೊಳ್ಳಿ’ ಎಂದಿದ್ದೀರಿ. ಅದಕ್ಕಿಂತ ಮುಂಚಿನ ಪುಟದಲ್ಲಿ ಆಕುಂಚನವೆಂದರೆ ಮಡಚುವುದು ಎಂದು ಕಲಿತ ಓದುಗ ಇಲ್ಲಿ ಮಂಡಿಯನ್ನು ಮಡಚುತ್ತಾನೆ. ಆದರೆ ಈ ವ್ಯಾಯಾಮವನ್ನು ಕಾಲು ಚಾಚಿಕೊಂಡೇ ಮಾಡಬೇಕು, ಏಕೆಂದರೆ ಆ ಸ್ನಾಯುವಿನ ಕೆಲಸವೇ ಮಂಡಿಯನ್ನು ನೇರಗೊಳಿಸುವುದು. ಚಲನೆಯ ಹೆಸರು ಕೀಲಿಗೆ ಸಂಬಂಧಿಸಿದ್ದು, ಸ್ನಾಯುವಿಗಲ್ಲ. ಕುರ್ಚಿಯ ಮೇಲೆ ನಿಧಾನವಾಗಿ ಕುಳಿತುಕೊಳ್ಳುವವರನ್ನು ಗಮನಿಸಿ: ಅವರ ಮಂಡಿ ಮಡಚಿಕೊಳ್ಳುತ್ತಿರುತ್ತದೆ, ಆದರೆ ದೇಹದ ಭಾರವನ್ನು ತಡೆದು ಇಳಿಸುತ್ತಿರುವುದು ಮಂಡಿಯನ್ನು ನೇರಗೊಳಿಸುವ ಅದೇ ತೊಡೆಯ ಸ್ನಾಯು, ಅದೂ ಉದ್ದವಾಗುತ್ತಲೇ ಬಿಗಿ ಹಿಡಿದುಕೊಂಡು.

ಈ ಗೊಂದಲ ನಿಮ್ಮೊಬ್ಬರದಲ್ಲ. ಪ್ರಾಚೀನ ಭಾರತದ ತತ್ತ್ವಶಾಸ್ತ್ರಗಳಲ್ಲೊಂದಾದ ವೈಶೇಷಿಕ ದರ್ಶನ ಹೇಳುವ ಐದು ಕರ್ಮಗಳಲ್ಲಿ ಆಕುಂಚನ, ಪ್ರಸಾರಣಗಳು (ಮಡಚುವುದು, ಚಾಚುವುದು) ಜೋಡಿಯಾಗಿ ಬರುತ್ತವೆ. ಅಲ್ಲಿ ಅವು ಚಲನೆಯ ಹೆಸರುಗಳು. ಕನ್ನಡದ ವಿಜ್ಞಾನ ಬರಹದಲ್ಲಿಯಾದರೋ ಹೃದಯದ ಆಕುಂಚನ ಎನ್ನುವಾಗ ಅದೇ ಪದ ಸ್ನಾಯುವಿನ ಕುಗ್ಗುವಿಕೆಯನ್ನು ಸೂಚಿಸುತ್ತದೆ. ಎರಡೂ ರೂಢಿಯಲ್ಲಿರುವುದರಿಂದ ಒಂದೇ ಲೇಖನದಲ್ಲಿ ಎರಡನ್ನೂ ತರಬಾರದೆಂಬುದು ನನ್ನ ನಿಲುವು. ಸ್ನಾಯುವಿಗೆ ‘ಸಂಕೋಚನ’ ಅಥವಾ ‘ಬಿಗಿಗೊಳಿಸು’ ಎನ್ನಿ, ಕೀಲಿಗೆ ಮಾತ್ರ ‘ಆಕುಂಚನ’ವನ್ನು ಮೀಸಲಿಡಿ, ಸೂಚನೆ ಕೊಡುವ ವಾಕ್ಯಗಳಲ್ಲಿ ಅದನ್ನೂ ಬಿಟ್ಟು ‘ಮಡಚಿ’, ‘ಚಾಚಿ’ ಎಂದು ಬರೆಯಿರಿ. ನಮ್ಮ ಆಡುಮಾತು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ: ಮಂಡಿಯನ್ನು ಮಡಚುತ್ತೇವೆ, ಬೆನ್ನನ್ನು ಬಗ್ಗಿಸುತ್ತೇವೆ, ತಲೆಯನ್ನು ತಗ್ಗಿಸುತ್ತೇವೆ, ತೋಳನ್ನು ಎತ್ತುತ್ತೇವೆ. ಶಾಸ್ತ್ರ ಇವೆಲ್ಲಕ್ಕೂ ಒಂದೇ ಹೆಸರಿಟ್ಟಿರುವುದು ವೈದ್ಯರ ದಾಖಲೆಗೆ ಅನುಕೂಲ. ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತಿರುವ ಓದುಗರಿಗೆ ಬೇಕಾಗಿರುವುದು ಆ ಬೇರೆ ಬೇರೆ ಕ್ರಿಯಾಪದಗಳು.

ಡಿಗ್ರಿಗಳನ್ನು ಬರೆಯುವಾಗ ಸೊನ್ನೆ ಎಲ್ಲಿದೆ ಎಂದು ನೀವು ಎಲ್ಲಿಯೂ ಹೇಳಿಲ್ಲ. ಕೀಲುಗಳ ಅಳತೆಯಲ್ಲಿ ನೇರವಾದ ಕಾಲು 0 ಡಿಗ್ರಿ. ಅಲ್ಲಿಂದ ಎಷ್ಟು ಮಡಚಿತೆಂಬುದನ್ನು ಎಣಿಸುತ್ತಾರೆ. ಶಾಲೆಯ ರೇಖಾಗಣಿತವನ್ನು ನೆನಪಿಸಿಕೊಂಡವರಿಗೆ ನೇರವೆಂದರೆ 180. ‘30 ಡಿಗ್ರಿಗೆ ಮಡಚಿ’ ಎಂಬ ನಿಮ್ಮ ಸೂಚನೆ ಮೊದಲ ಲೆಕ್ಕದಲ್ಲಿ ಅಲ್ಪ ಬಾಗು. ಎರಡನೆಯ ಲೆಕ್ಕದಲ್ಲಿ ಅದು 150 ಡಿಗ್ರಿಯ ಮಡಚುವಿಕೆಯಾಗುತ್ತದೆ. ಆರೋಗ್ಯವಂತರ ಮಂಡಿಯೂ ಕೈಯ ನೆರವಿಲ್ಲದೆ ಸಾಮಾನ್ಯವಾಗಿ ಮಡಚುವುದು ಸುಮಾರು 135ರಿಂದ 140ರವರೆಗೆ. ಯಾವ ವಾರದಲ್ಲಿ ಎಷ್ಟು ಎಂಬ ನಿಮ್ಮ ಪಟ್ಟಿಯನ್ನು ತೆಗೆದುಹಾಕಿ. ಅದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು.

ಎಲ್ಲಕ್ಕಿಂತ ಗಂಭೀರವಾದ ತಪ್ಪು ಕೊನೆಯ ಭಾಗದಲ್ಲಿದೆ. ‘ಫಿಕ್ಸೆಡ್ ಫ್ಲೆಕ್ಷನ್ ಡಿಫಾರ್ಮಿಟಿ’ಯನ್ನು ಮಂಡಿ ಮಡಚಲಾಗದ ಸ್ಥಿತಿ ಎಂದು ವಿವರಿಸಿದ್ದೀರಿ. ಅರ್ಥ ತಿರುವುಮುರುವಾಗಿದೆ: ಮಂಡಿ ಸ್ವಲ್ಪ ಮಡಚಿದ ಸ್ಥಿತಿಯಲ್ಲೇ ಉಳಿದು ಪೂರ್ತಿ ನೇರವಾಗದಿರುವುದೇ ಆ ತೊಂದರೆ. ಅದಕ್ಕೆ ನೀವು ಸೂಚಿಸಿರುವ ಪರಿಹಾರವೂ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಎಳೆಯುತ್ತಾ ಮಂಡಿ ಮಡಚುವುದು, ಹೀಗಾಗಿ ವಿರುದ್ಧ ದಿಕ್ಕಿನದಾಗಿದೆ. ಸಾಮಾನ್ಯವಾಗಿ ಹೇಳಿಕೊಡುವುದು ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಮಂಡಿ ತಾನಾಗಿ ಕೆಳಗಿಳಿದು ನೇರವಾಗಲು ಬಿಡುವುದನ್ನು. ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ಮಲಗಬಾರದೆಂದು ಎಚ್ಚರಿಸುವುದೂ ಇದೇ ಕಾರಣಕ್ಕೆ. ಆ ಎಚ್ಚರಿಕೆ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಮಂಡಿಯನ್ನು ಬಿಜಾಗರಿ ಕೀಲು ಎಂದಿರುವುದು ಶಾಲಾ ಪಠ್ಯದ ಮಟ್ಟಕ್ಕೆ ಸರಿಯೇ. ಆದರೆ ಅದು ಮಡಚುವಾಗ ಉರುಳುತ್ತದೆ, ಜಾರುತ್ತದೆ, ತುಸು ತಿರುಗುತ್ತದೆ ಎಂಬ ಒಂದು ವಾಕ್ಯವನ್ನು ಸೇರಿಸಿ.

ಮೊದಲ ಎರಡು ಪುಟಗಳನ್ನು ಈ ಸೂಚನೆಗಳಂತೆ ತಿದ್ದಿ, ಕೊನೆಯ ಭಾಗವನ್ನು ಹೊಸದಾಗಿ ಬರೆಯಿರಿ. ಸೊನ್ನೆ ಡಿಗ್ರಿಯನ್ನು ತೋರಿಸುವ ಒಂದು ರೇಖಾಚಿತ್ರ ಜೊತೆಗಿರಲಿ. ನಮಗೆ ಕಳುಹಿಸುವ ಮೊದಲು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಪ್ರತಿಯೊಂದು ಸೂಚನೆಯನ್ನೂ ಓದಿಸಿ, ಅವರ ಒಪ್ಪಿಗೆಯ ಟಿಪ್ಪಣಿಯೊಂದಿಗೆ ಹಸ್ತಪ್ರತಿಯನ್ನು ಕಳುಹಿಸಿಕೊಡಿ.

ಸಂಪಾದಕ